ಇಟ್ಟಮಡುವಿನ ಹೊಲಗಳೂ ನನ್ನ ಒಂಬತ್ತು ಪ್ಲ್ಯಾನುಗಳೂ

ಮೊನ್ನೆ ಒಬ್ಬ ವಿದ್ಯಾರ್ಥಿನಿಯ ಹಾಳೆಯ ಅಂಚಿನಲ್ಲಿ ಕೆಂಪು ಪೆನ್ನಿನಿಂದ ‘ಉದ್ದೇಶ ಸ್ಪಷ್ಟವಿಲ್ಲ, ತಿದ್ದಿ ತನ್ನಿ’ ಎಂದು ಬರೆದೆ. ಬರೆದು ನೋಡಿಕೊಂಡರೆ ಮೈಯೆಲ್ಲ ಉರಿಯಿತು. ಅದು ನನ್ನ ಮಾತೇ ಅಲ್ಲ, ನನ್ನ ಗೈಡ್ ಮಾತು. ಆ ಮಹಾನುಭಾವರನ್ನು ಬೈದುಕೊಂಡೇ ನಲವತ್ತು ವರ್ಷ ಕಳೆದಿದ್ದೇನೆ. ಯಾಕೆ ಎಂದು ನಿಮಗೂ ಹೇಳಿಬಿಡುತ್ತೇನೆ, ಕೇಳಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದೆ. ಎರಡನೆಯ ವರ್ಷ ನಾವೇ ಒಂದು ವಿಷಯ ಹುಡುಕಿಕೊಂಡು, ಒಬ್ಬ ಮೇಷ್ಟ್ರ ಕೈಕೆಳಗೆ ಅಧ್ಯಯನ ಮಾಡಿ ಬರೆದು ಒಪ್ಪಿಸಬೇಕಿತ್ತು. ಅದರ ಹೆಸರು ಸ್ವತಂತ್ರ ಅಧ್ಯಯನ. ಎಂಥ ಸ್ವಾತಂತ್ರ್ಯ ಅಂತೀರಿ, ಏನು, ಹೇಗೆ ಮಾಡುತ್ತೇವೆಂದು ಬರೆದ ಪ್ಲ್ಯಾನಿಗೆ ಮೇಷ್ಟ್ರ ಸಹಿ ಬೀಳುವ ತನಕ ಅಧ್ಯಯನಕ್ಕೆಂದು ಮನೆಯಿಂದ ಹೊರಗೆ ಕಾಲಿಡುವ ಹಾಗಿರಲಿಲ್ಲ.

ವಿಷಯ ತಾನಾಗಿಯೇ ಸಿಕ್ಕಿತ್ತು. ಗೆಳತಿಯ ಮನೆಗೆಂದು, ಆಗಿನ್ನೂ ಊರಂಚಿನ ಹಳ್ಳಿಯಾಗಿದ್ದ ಇಟ್ಟಮಡುವಿನ ಕಡೆ ಹೋದಾಗ ರಾಗಿ ಹೊಲದ ಬದುವಿನ ಮೇಲೆ ಮುನಿಯಪ್ಪ ಎಂಬ ಮುದುಕರು ಕೂತಿದ್ದರು. ದಾರಿ ಕೇಳಿದೆ. “ಸೊಸೆ ಮುನಿದ ಹೊಲ ದಾಟ್ಕೊಂಡು ಎಡಕ್ಕೆ ಹೋಗವ್ವ” ಎಂದರು. ಸೊಸೆ ಯಾಕೆ ಮುನಿಸಿಕೊಂಡಳು ಎಂದದ್ದಕ್ಕೆ ನಕ್ಕರು. ಪ್ರತಿ ಹೊಲಕ್ಕೂ ಒಂದು ಹೆಸರು, ಹೆಸರಿಗೊಂದು ಕತೆ ಇದೆಯಂತೆ. ಎಲ್ಲವನ್ನೂ ಹೇಳಿ, ಬರೆದುಕೊಳ್ಳುತ್ತೇನೆ ಎಂದೆ. “ಕೂತ್ಕಂಡ್ರೆ ಬರಾಕಿಲ್ಲ ಕಣವ್ವ. ಬದು ಹಿಡ್ಕೊಂಡು ನಡೀತಾ ಹೋದ್ರೆ ಒಂದೊಂದೇ ನೆಪ್ಪಾಗ್ತವೆ. ಬೇಗ ಬಾ, ಸೈಟ್ ಮಾಡಕ್ಕೆ ಅಳತೆ ನಡೀತೈತೆ.”

“ಪ್ಲ್ಯಾನ್ ಪಾಸಾದ ತಕ್ಷಣ ಬರ್ತೀನಿ ತಾತ” ಎಂದೆ. ಎಂಥ ಜಾಣೆ ನೋಡಿ!

ಗೈಡ್ ಮನೆ ಜಯನಗರದಲ್ಲಿತ್ತು. ಭಾನುವಾರ ಬೆಳಿಗ್ಗೆ ವರಾಂಡದ ಬೆತ್ತದ ಕುರ್ಚಿಯಲ್ಲಿ ಅವರು, ಎದುರಿನ ಸ್ಟೂಲಿನ ಮೇಲೆ ನಾನು. ಅವರ ಮನೆಯವರು ಕೊಡುತ್ತಿದ್ದ ಕಾಫಿಯೊಂದರಲ್ಲಿ ಮಾತ್ರ ಯಾವ ತಿದ್ದುಪಡಿಯೂ ಬೇಕಿರಲಿಲ್ಲ.

“ಇದರಲ್ಲಿ ಹೈಪಾಥಿಸಿಸ್ ಎಲ್ಲಮ್ಮ?”

“ಸಾರ್, ಹೆಸರುಗಳನ್ನ ಕೇಳಿದ ಮೇಲೆ ತಾನೆ ಏನಾದ್ರೂ ಹೇಳಕ್ಕಾಗೋದು?”

“ಕೇಳೋಕೆ ಮುಂಚೆನೇ ಏನು ಉತ್ತರ ಬರುತ್ತೆ ಅಂತ ಗೊತ್ತಿರ್ಬೇಕಮ್ಮ. ಅದಕ್ಕೇ ಪ್ಲ್ಯಾನ್ ಅನ್ನೋದು.”

ಹನುಮಂತನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಾರ್ಬನ್ ಇಟ್ಟು ಮತ್ತೆ ಮತ್ತೆ ಟೈಪ್ ಮಾಡಿಸಿದೆ. ಎರಡನೆಯ ಪ್ಲ್ಯಾನಿನಲ್ಲಿ ನಲವತ್ತು ಪ್ರಶ್ನೆ ಸೇರಿಸಿ ಎಂದರು, ನಾಲ್ಕನೆಯದರಲ್ಲಿ ಪ್ರಶ್ನೆ ಜಾಸ್ತಿಯಾಯಿತು ಎಂದರು. ಐದನೆಯದರಲ್ಲಿ ಅವರೇ ಹೊಡೆದುಹಾಕಿದ್ದ ಪ್ಯಾರಾ ಏಳನೆಯದರಲ್ಲಿ ಯಾಕಿಲ್ಲ ಎಂದು ಗದರಿದರು. ಇನ್‌ಸ್ಟಿಟ್ಯೂಟಿನ ಸರೋಜಕ್ಕ ಕೊನೆಕೊನೆಗೆ ನನ್ನ ಹಾಳೆ ನೋಡದೆಯೇ ಅರ್ಧ ಪುಟ ಟೈಪ್ ಮಾಡುತ್ತಿದ್ದರು. ಒಂಬತ್ತನೆಯದನ್ನು ಪೂರ್ತಿ ಓದಿ, ತಲೆಯಾಡಿಸಿ, ಪೆನ್ನಿನ ಮುಚ್ಚಳ ತೆಗೆದವರು ಗೋಡೆಯ ಪಂಚಾಂಗದ ಕಡೆ ನೋಡಿದರು.

“ಅಯ್ಯೋ, ಆಷಾಢ ಕಣಮ್ಮ. ಹೊಸ ಕೆಲಸ ಬೇಡ. ಶ್ರಾವಣ ಬರ್ಲಿ, ಸಹಿ ಹಾಕೋಣ.”

ಮೂಢನಂಬಿಕೆಯ ಬಗ್ಗೆ ನಮಗೆ ಪಾಠ ಮಾಡುತ್ತಿದ್ದವರು ಇವರೇ. ಎದ್ದು ಕಿರುಚಬೇಕು ಎನಿಸಿತು. “ಆಗ್ಲಿ ಸಾರ್” ಎಂದು ಲೋಟ ಒಳಗಿಟ್ಟು ಬಂದೆ.

ಶ್ರಾವಣದ ಮೊದಲ ಶುಕ್ರವಾರ ಸಹಿ ಬಿತ್ತು. ಅಲ್ಲಿಂದ ನೇರವಾಗಿ ಇಟ್ಟಮಡುವಿಗೆ ಓಡಿದೆ. ಬುಲ್ಡೋಜರ್ ಬಂದುಹೋಗಿತ್ತು. ರಾಗಿಯಿಲ್ಲ, ಬದುವಿಲ್ಲ, ಒಂದೇ ಸಮ ಕೆಂಪು ಮಣ್ಣು. ಅದರ ಮೇಲೆ ಸಾಲಾಗಿ ನಂಬರಿನ ಕಲ್ಲುಗಳು. ಮುನಿಯಪ್ಪ ಮಾತು ತಪ್ಪಲಿಲ್ಲ, ಕೋಲೂರಿಕೊಂಡು ಜೊತೆಗೆ ಬಂದರು. ನಡುವೆ ನಿಂತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿದರು.

“ಬದುನೇ ಇಲ್ವಲ್ಲವ್ವ. ಎಲ್ಲಿಂದ ಸುರು ಮಾಡ್ಲಿ?”

ಮೂರು ಹೆಸರು ಹೇಳಿದರು. ಯಾವುದು ಎಲ್ಲಿತ್ತು ಎಂದು ತೋರಿಸಲಾಗಲಿಲ್ಲ. ನಾಲ್ಕನೆಯದು ಬಾಯಿಗೇ ಬರಲಿಲ್ಲ. ತಾವೇ ಏನೋ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ “ನೆಪ್ಪಾಗ್ತಿಲ್ಲ ಕಣವ್ವ, ಬೇಜಾರ್ ಮಾಡ್ಕೋಬೇಡ” ಎಂದರು. ಆ ಹೊತ್ತು ನನಗಾದ ಸಂಕಟ ಈಗ ಬರೆಯುವಾಗಲೂ ಆಗುತ್ತಿದೆ. ಕೊನೆಗೆ ಲೈಬ್ರರಿಯ ಪುಸ್ತಕ ನೋಡಿಕೊಂಡು ಬೇರೇನೋ ಬರೆದೆ. ಫಸ್ಟ್ ಕ್ಲಾಸ್ ಬಂತು. ಪ್ಲ್ಯಾನ್ ಬಹಳ ಅಚ್ಚುಕಟ್ಟಾಗಿದೆ ಎಂದು ಗೈಡ್ ಎಲ್ಲರೆದುರು ಹೊಗಳಿದರು.

ಇಷ್ಟೆಲ್ಲ ನೆನಪಾಗಿ, ನಾನು ಕೆಂಪು ಶಾಯಿಯಲ್ಲಿ ಬರೆದದ್ದನ್ನು ಹೊಡೆದುಹಾಕಿ, ಆ ವಿದ್ಯಾರ್ಥಿನಿ ಚೈತ್ರಳನ್ನು ಸಂಜೆಗೆ ಮನೆಗೆ ಕರೆಸಿದೆ. ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ಹೆಂಗಸರ ಬಗ್ಗೆ ಅವಳ ಅಧ್ಯಯನ. ಅವಳ ನಾಲ್ಕನೆಯ ಪ್ಲ್ಯಾನ್ ನನ್ನ ಮೇಜಿನ ಮೇಲಿತ್ತು.

“ಪ್ಲ್ಯಾನ್ ಆಮೇಲೆ ನೋಡೋಣ. ನಾಳೆನೇ ಮಾರ್ಕೆಟ್ಟಿಗೆ ಹೋಗು” ಎಂದೆ, ದೊಡ್ಡ ವರ ಕೊಡುವವಳಂತೆ.

ಅವಳು ಮುಖ ಚಿಕ್ಕದು ಮಾಡಿಕೊಂಡಳು. “ಮೇಡಂ, ಬೈಬೇಡಿ. ನಾನು ಹೋಗೋಕೆ ಶುರು ಮಾಡಿ ಎರಡು ತಿಂಗಳಾಯ್ತು. ಹೇಳಿದ್ರೆ ನೀವು ಬೇಡ ಅಂತಿದ್ರಿ.”

ಅವಳನ್ನು ಕಳಿಸಿದ ಮೇಲೆ ಲೆಕ್ಕ ಹಾಕಿದೆ. ಹನುಮಂತನಗರದಲ್ಲಿದ್ದ ನಮ್ಮ ಆಗಿನ ಮನೆಯಿಂದ ಇಟ್ಟಮಡುವಿಗೆ ಮುಕ್ಕಾಲು ಗಂಟೆ ನಡಿಗೆ. ಯಾವುದಾದರೂ ಒಂದು ಸಂಜೆ ನಾನು ಹೋಗಿಬಂದಿದ್ದರೆ ಗೈಡಿಗೆ ಗೊತ್ತೂ ಆಗುತ್ತಿರಲಿಲ್ಲ.