ಪಾಲಿಬೆಟ್ಟದ ಹಳೇ ಹುಲಿಗಳ ಎದುರು ಓಡಿದ ಭಾನುವಾರ

ಮಡಿಕೇರಿ ಬಸ್ ನಿಲ್ದಾಣದಿಂದ ನಾವು ಹದಿಮೂರು ಮಂದಿ ಹೊರಟಾಗ ಬೆಳಗಿನ ಏಳು ಗಂಟೆ. ಜನವರಿಯ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಂಡಕ್ಟರು ನಮ್ಮ ತಲೆಗಳನ್ನು ಮುಟ್ಟಿ ಮುಟ್ಟಿ ಎಣಿಸಬೇಕಾಯಿತು. ಹನ್ನೆರಡು ಹುಡುಗರು ಕಾಲೇಜಿನ ಫುಟ್‌ಬಾಲ್ ತಂಡದವರು. ಹದಿಮೂರನೆಯವನು ನಾನು, ಗಣಿತದ ಮೇಷ್ಟ್ರು. ಪಾಲಿಬೆಟ್ಟಕ್ಕೆ ಇಪ್ಪತ್ತೈದು ಮೈಲಿ ಚಿಲ್ಲರೆ, ತಲೆಗೆ ಹದಿನಾಲ್ಕು ಆಣೆ. ಚೆಂಡಿಗೆ ಟಿಕೆಟ್ ಕೇಳಲಿಲ್ಲ, ನಮ್ಮ ಪುಣ್ಯ.

ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದ ರೈತರ ಮನೆಯಲ್ಲಿ ಹುಟ್ಟಿದವನು ನಾನು. ಫುಟ್‌ಬಾಲ್ ಆಡಿದವನಲ್ಲ, ಎಣಿಸಿದವನು. ಎರಡು ವರ್ಷ ಮೈದಾನದ ಬದಿಯಲ್ಲಿ ಕೂತು ಒದೆತಗಳನ್ನು ಎಣಿಸಿ ನಾನು ಕಂಡುಕೊಂಡದ್ದಿಷ್ಟೆ: ಚೆಂಡು ನಮ್ಮ ಗೋಲಿನಿಂದ ಅವರ ಗೋಲಿಗೆ ನಾಲ್ಕೇ ಒದೆತದಲ್ಲಿ ಹೋದರೆ ಎದುರಾಳಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಹಾಗಾಗಿ ಹುಡುಗರನ್ನು ಓಡಿಸಿದೆ. ನನ್ನ ಸೀಟಿ ಕೇಳಿದರೆ ಎಲ್ಲಿ ಕೂತಿದ್ದರೂ ಎದ್ದು ಓಡಬೇಕು, ಅದೇ ನಿಯಮ. ಸೀಟಿ ಸದಾ ನನ್ನ ಕೊರಳಲ್ಲೇ ಇರುತ್ತಿತ್ತು.

ನಮ್ಮ ಪ್ರಿನ್ಸಿಪಾಲರಿಗೆ ಮಾತ್ರ ಇದು ಆಟವಾಗಿ ಕಾಣಲೇ ಇಲ್ಲ. ಯುದ್ಧಕ್ಕೆ ಮೊದಲು ಪಾಲಿಬೆಟ್ಟದ ತಂಡ ಎಸ್ಟೇಟುಗಳ ಶೀಲ್ಡನ್ನು ಸತತ ಮೂರು ವರ್ಷ ಗೆದ್ದಿತ್ತು. ಪ್ರಿನ್ಸಿಪಾಲರು ಆ ತಂಡದ ಆಟವನ್ನು ಒಮ್ಮೆ ಕಣ್ಣಾರೆ ಕಂಡವರು. "ಅವರು ಚೆಂಡನ್ನ ಓಡಿಸ್ತಿದ್ರು, ನೀವು ಹುಡುಗರನ್ನ ಓಡಿಸ್ತೀರಿ" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅಂದರು. ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು. ಅದೇ ಹಳೇ ತಂಡದ ಎದುರು ನಮ್ಮದೊಂದು ಪಂದ್ಯ. ಗೆದ್ದರೆ ಮುಂದಿನ ತಿಂಗಳು ಮೈಸೂರಿನ ಕಾಲೇಜು ಪಂದ್ಯಾವಳಿಗೆ ನನ್ನ ಆಟ, ನನ್ನ ತಂಡ. ಸೋತರೆ ಹಳೇ ತಂಡದ ನಾಯಕ ಮಂದಣ್ಣನವರ ಕೈಗೆ ನನ್ನ ಸೀಟಿ ಕೊಟ್ಟು ನಾನು ದೂರ ಸರಿಯಬೇಕು. ಹಠ ನನ್ನ ಹುಟ್ಟುಗುಣ. ಒಪ್ಪಿಕೊಂಡೆ.

ಚೆಟ್ಟಳ್ಳಿಯಲ್ಲಿ ಮಂಜು ಕರಗಿತು. ಸಿದ್ದಾಪುರದಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಚಹಾದಂಗಡಿಯಲ್ಲಿ ನಮ್ಮ ಫಾರ್ವರ್ಡ್ ಕುಶಾಲಪ್ಪ ನಾಲ್ಕನೆಯ ಬಾಳೆಹಣ್ಣಿಗೆ ಕೈ ಹಾಕಿದಾಗ ನಾನು ಗುರಾಯಿಸಿ ನೋಡಿದೆ. "ಇದ್ ಓಡ್ಲಿಕ್ಕೆ ಸಾರ್, ತಿನ್ಲಿಕ್ಕಲ್ಲ" ಎಂದ. ಅಂಗಡಿಯ ಮಲಯಾಳಿ ಯಜಮಾನರು ನಾವು ಹೊರಟದ್ದು ಎಲ್ಲಿಗೆಂದು ಕೇಳಿ ನಕ್ಕರು. "ಮಂದಣ್ಣನ ಟೀಮಿನ ಮೇಲೆಯಾ? ಅವರ ಕಾಲಿಗೆ ಚೆಂಡು ಸಿಕ್ಕಿದ್ರೆ ಪಿನ್ನೆ ಮತ್ತೆ ಕೊಡುದಿಲ್ಲ, ಕೇಟ್ಟೋ!"

"ನಲವತ್ತು ದಾಟಿದ ಕಾಲುಗಳು, ನೋಡೋಣ" ಎಂದೆ. ನನ್ನ ಮಾತಿನಲ್ಲಿ ಸೊಕ್ಕಿತ್ತು, ಇಲ್ಲವೆನ್ನಲಾರೆ.

ಪಾಲಿಬೆಟ್ಟ ಮುಟ್ಟಿದಾಗ ಹತ್ತು ಗಂಟೆ. ಭಾನುವಾರವಾದ್ದರಿಂದ ಕಾಫಿ ಪಿಕ್ಕಿಂಗ್ ಇರಲಿಲ್ಲ. ಎಸ್ಟೇಟಿನ ಲೈನುಮನೆಗಳಲ್ಲಿದ್ದ ಕೂಲಿಯವರೆಲ್ಲ ಮಕ್ಕಳು ಮರಿ ಸಮೇತ ಮೈದಾನದ ಸುತ್ತ ಸೇರಿದ್ದರು. ಮಂದಣ್ಣನವರು ಎಸ್ಟೇಟಿನ ಹೆಡ್ ರೈಟರ್, ಅಂದರೆ ಹಿರಿಯ ಗುಮಾಸ್ತರು; ಆರಡಿ ಆಳು. ಅವರ ತಂಡದಲ್ಲಿ ಒಬ್ಬ ನಿವೃತ್ತ ಹವಾಲ್ದಾರ, ಒಬ್ಬ ಲಾರಿ ಡ್ರೈವರ್, ಉಳಿದವರು ಕೂಲಿಯಾಳುಗಳ ಮೇಸ್ತ್ರಿಗಳು. ಎಲ್ಲರದ್ದೂ ಬರಿಗಾಲು, ನಮ್ಮವರದ್ದೂ ಹಾಗೆಯೇ. ನಮ್ಮ ನಾಯಕ ಚೆಂಗಪ್ಪನಿಗೆ ಮಂದಣ್ಣನವರು ಸೋದರಮಾವ. ಅವನು ಹೋಗಿ ಕೊಡವರ ಪದ್ಧತಿಯಂತೆ ಮೂರು ಸಲ ಅವರ ಕಾಲು ಮುಟ್ಟಿದ. ಉಳಿದ ಹುಡುಗರೂ ಸಾಲಾಗಿ ಎಲ್ಲ ಹಿರಿಯರ ಕಾಲು ಮುಟ್ಟಿದರು. ನನ್ನ ಹುಡುಗರ ನಡತೆ ಕಂಡು ನನಗೆ ಹೆಮ್ಮೆಯೇ ಆಯಿತು.

ಆ ಹೆಮ್ಮೆ ಐದು ನಿಮಿಷ ಬಾಳಲಿಲ್ಲ. ಎಸ್ಟೇಟ್ ಆಸ್ಪತ್ರೆಯ ಕಾಂಪೌಂಡರ್ ರೆಫರಿಯಾಗಿ ಆಟ ಶುರುಮಾಡಿದರು. ನಮ್ಮ ಚೆಂಡು ಒಂದು, ಎರಡು, ಮೂರು ಒದೆತಕ್ಕೆ ಅವರ ಗೋಲಿನ ಹತ್ತಿರ ಬಂತು. ಅಲ್ಲಿ ಚೆಂಗಪ್ಪನ ಕಾಲು ಮಂದಣ್ಣನವರ ಕಾಲಿಗೆ ತಾಗಿತು. ಹುಡುಗ ನಿಂತ, ಬಗ್ಗಿದ, ಮಾವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನು ತಲೆ ಎತ್ತುವಷ್ಟರಲ್ಲಿ ಚೆಂಡು ನಮ್ಮ ಗೋಲಿನೊಳಗಿತ್ತು.

ಒಂದು ಸಲವಾದರೆ ನಕ್ಕು ಸುಮ್ಮನಾಗುತ್ತಿದ್ದೆ. ಆಮೇಲೆ ಕುಶಾಲಪ್ಪ ಹವಾಲ್ದಾರರಿಗೆ ಬಗ್ಗಿದ. ಇನ್ನೊಬ್ಬ ಡ್ರೈವರಿಗೆ ಬಗ್ಗಿದ. ಮಡಿಕೇರಿಯಲ್ಲಿ ಓರಗೆಯವರೊಂದಿಗೇ ಆಡಿದ್ದ ಹುಡುಗರಿಗೆ ಈ ತೊಡಕು ಎದುರಾಗಿರಲೇ ಇಲ್ಲ. ಎರಡು ವರ್ಷ ಎಣಿಸಿದ ನನ್ನ ತಲೆಗೂ ಹೊಳೆದಿರಲಿಲ್ಲ. ಅವರೋ, ಹನ್ನೊಂದು ಪಾಸಿಗೆ ಒಂದು ಗೋಲಿನಂತೆ, ಬೆವರದೆ ಆಡಿದರು. ಹೊಟ್ಟೆ ಉರಿಯುತ್ತಿದ್ದರೂ ಹೇಳುತ್ತೇನೆ, ನೋಡಲು ಚೆಂದವಿತ್ತು. ಅರ್ಧ ಆಟ ಮುಗಿದಾಗ ಮೂರಕ್ಕೆ ಸೊನ್ನೆ.

"ಇದೇನ್ರೋ ಇದು?" ಎಂದು ಹುಡುಗರ ಮೇಲೆ ಹರಿಹಾಯ್ದೆ.

"ಎಂತ ಮಾಡೋದು ಸಾರ್, ಕೈ ತಾನಾಗಿ ಹೋಗ್ತದೆ" ಎಂದ ಚೆಂಗಪ್ಪ. ಅವನ ಕಣ್ಣಲ್ಲಿ ನೀರಿತ್ತು. ಹಿರಿಯರಿಗೆ ಕಾಲು ತಾಗಿದರೆ ನನ್ನ ಕೈಯೂ ತಾನಾಗಿ ಹೋಗುತ್ತದೆ.

ಅಷ್ಟರಲ್ಲಿ ಮಂದಣ್ಣನವರು ದಾಪುಗಾಲು ಹಾಕುತ್ತ ಬಂದರು. ಗೆಲ್ಲುತ್ತಿದ್ದವರ ಮುಖವಲ್ಲ ಅದು, ಕೆಂಡವಾಗಿತ್ತು. "ಮೇಷ್ಟ್ರೇ, ಮಕ್ಕಳನ್ನ ಆಡ್ಲಿಕ್ಕೆ ಕರ್ಕೊಂಡು ಬಂದದ್ದಾ, ಪೂಜೆಗಾ? ನಾವೆಂತ ಸತ್ತುಹೋದ ಹಿರಿಯರಾ?" ತಮ್ಮವರನ್ನೆಲ್ಲ ಕರೆದು ಗೆರೆಯ ಆಚೆ ಸಾಲಾಗಿ ನಿಲ್ಲಿಸಿದರು. "ಬನ್ನಿ. ಇನ್ನು ಬೀಳುವ ಒದೆತಕ್ಕೆಲ್ಲ ಈಗಲೇ ಒಮ್ಮೆ ಕಾಲು ಮುಟ್ಟಿ. ಆಮೇಲೆ ಗೆರೆಯೊಳಗೆ ಯಾರಾದ್ರೂ ಬಗ್ಗಿದ್ರೆ ನಾನೇ ಒದೀತೇನೆ. ಚೆಂಗಪ್ಪ, ಒಳಗೆ ನಾನು ನಿನ್ನ ಮಾವ ಅಲ್ಲ, ತಿಳೀತಾ?"

ಹುಡುಗರು ಮುಟ್ಟಿದರು. ಆಮೇಲೆ ಓಡಿದರು. ಅಬ್ಬಾ, ಆ ಓಟ! ಕುಶಾಲಪ್ಪ ಬಾಳೆಹಣ್ಣಿನ ಋಣ ತೀರಿಸಿದ; ನಾಲ್ಕೇ ಒದೆತಕ್ಕೆ ಮೊದಲ ಗೋಲು. ಲೈನಿನ ಜನ ಪಕ್ಷ ಮರೆತು ಕೂಗಿದರು. ಎರಡನೆಯದಕ್ಕೆ ಮೂರೇ ಒದೆತ ಸಾಕಾಯಿತು. ಹಳಬರು ಚೆಂಡನ್ನು ತಮ್ಮತಮ್ಮಲ್ಲೇ ಸುತ್ತಿಸಿ ಆಟವನ್ನು ನಿಧಾನ ಮಾಡಲು ನೋಡಿದರು, ಆದರೆ ಐದನೆಯ ಪಾಸಿಗೇ ನಮ್ಮವನೊಬ್ಬ ನಡುವೆ ನುಗ್ಗುತ್ತಿದ್ದ. ಕೊನೆಯ ನಿಮಿಷದಲ್ಲಿ ಚೆಂಗಪ್ಪ ಚೆಂಡು ಸಮೇತ ಮಾವನಿಗೆ ಡಿಕ್ಕಿ ಹೊಡೆದ. ಮಂದಣ್ಣನವರು ನೆಲಕ್ಕೆ ಬಿದ್ದರು. ಚೆಂಗಪ್ಪನ ಕೈ ಕೆಳಗೆ ಹೋಗಲು ಹೊರಟದ್ದನ್ನು ನಾನು ನೋಡಿದೆ. ಅವನು ಮುಷ್ಟಿ ಬಿಗಿಹಿಡಿದು ಮುಂದೆ ಓಡಿದ, ಒದ್ದ. ಚೆಂಡು ಕಂಬಕ್ಕೆ ಬಡಿದು ಹೊರಗೆ ಹಾರಿತು. ಆಟ ಮುಗಿಯಿತು. ಮೂರಕ್ಕೆ ಎರಡು. ನಾವು ಸೋತಿದ್ದೆವು.

ಊಟಕ್ಕೆ ಅಕ್ಕಿತರಿಯ ಉಂಡೆ ಕಡುಂಬುಟ್ಟು, ಹಂದಿ ಕರಿ. ಹುಡುಗರು ಚೆನ್ನಾಗಿಯೇ ತಿಂದರು. ಮಾತು ಮಾತೇ. ಕೈತೊಳೆದು ಬಂದು ಕೊರಳಿನಿಂದ ಸೀಟಿ ತೆಗೆದು ಮಂದಣ್ಣನವರ ಮುಂದೆ ಹಿಡಿದೆ. ಬೇಡವೆನ್ನುತ್ತಾರೇನೋ ಎಂಬ ಆಸೆ ಒಳಗೊಳಗೇ ಇತ್ತು. ಅವರು ತೆಗೆದುಕೊಂಡು ಕೊರಳಿಗೆ ಹಾಕಿಕೊಂಡೇಬಿಟ್ಟರು.

"ನಾಳೆ ಬೆಳಿಗ್ಗೆ ಮಡಿಕೇರಿಗೆ ಬರ್ತೇನೆ. ಎರಡನೇ ಅರ್ಧದಲ್ಲಿ ಓಡಿದ ಹಾಗೇ ಓಡ್ಬೇಕು. ನಿಧಾನ ಮಾಡಿದವನನ್ನ ಹೊರಗೆ ಕೂರಿಸ್ತೇನೆ."

ನನಗೆ ಅರ್ಥವಾಗಲಿಲ್ಲ. "ಪ್ರಿನ್ಸಿಪಾಲರಿಗೆ ನಿಮ್ಮ ಹಳೇ ಆಟ ಬೇಕಂತೆ ಸ್ವಾಮಿ."

"ಅವರು ನೋಡಿದ್ದು ನಮ್ಮ ಮೂರನೇ ವರ್ಷದ ಆಟ. ಮೊದಲನೇ ವರ್ಷ ನಾವೂ ಹೀಗೇ ಓಡಿ ಗೆದ್ದದ್ದು. ಕಾಡುಹಂದಿಗಳು ಅಂತ ಬೈದ್ರು ನಮ್ಮನ್ನ. ಕಾಲು ಸೋತ ಮೇಲೆ ಪಾಸ್ ಕಲಿತದ್ದು, ಮೇಷ್ಟ್ರೇ." ಆಮೇಲೆ ಮೊಣಕಾಲು ಒತ್ತಿಕೊಳ್ಳುತ್ತ, "ಒದೆತ ಎಣಿಸ್ಲಿಕ್ಕೆ ನನಗೆ ಬರೋದಿಲ್ಲ. ನೀವು ಮೈದಾನದಲ್ಲಿ ಇರ್ಬೇಕು" ಎಂದರು.

ನಾಲ್ಕು ಗಂಟೆಯ ಬಸ್ಸು ಹತ್ತಿದೆವು. ಕೊರಳು ಬರಿದಾಗಿತ್ತು, ಆದರೆ ಬೆಳಿಗ್ಗೆಗಿಂತ ಎದೆ ಹಗುರವಾಗಿತ್ತು. ಬಸ್ಸು ಹೊರಟು ಮೈದಾನದ ಬದಿಗೆ ಬಂದಾಗ ಮಂದಣ್ಣನವರು ಗೆರೆಯ ಮೇಲೆ ನಿಂತಿದ್ದರು. ನಮ್ಮನ್ನು ಕಂಡು ಸೀಟಿಯನ್ನು ಬಾಯಿಗಿಟ್ಟು ಜೋರಾಗಿ ಊದಿದರು. ಬಸ್ಸಿನೊಳಗೆ ಹನ್ನೆರಡು ಹುಡುಗರೂ ಒಮ್ಮೆಲೇ ಎದ್ದು ನಿಂತರು. ಡ್ರೈವರ್ ಗಾಬರಿಯಾಗಿ ಬ್ರೇಕ್ ಒತ್ತಿದ. ಸೀಟಿನ ಕಂಬಿ ಹಿಡಿದುಕೊಂಡಾಗಲೇ ನನಗೆ ತಿಳಿದದ್ದು, ನಾನೂ ಎದ್ದು ನಿಂತಿದ್ದೆ.