ಶಾವಿಗೆ ಒರಳಿನ ಸ್ಕ್ರೂ

ಅತ್ತೆಯ ಹಿತ್ತಾಳೆಯ ಶಾವಿಗೆ ಒರಳಿನ ಸ್ಕ್ರೂ ಸವೆದು, ಅರ್ಧಕ್ಕೆ ಇಳಿಯುವಷ್ಟರಲ್ಲಿ ಜಾರತೊಡಗಿತ್ತು. ಬೆಂದ ಅಕ್ಕಿಕಡುಬನ್ನು ಬಿಸಿಯಲ್ಲೇ ಒತ್ತಬೇಕು, ಆರಿದರೆ ಮುಗಿಯಿತು. ಪುಟ್ಟೇನಹಳ್ಳಿಯ ವರ್ಕ್‌ಶಾಪಿನವನು, “ಹೊಸದು ತಗೊಳ್ಳಿ ಅಂಕಲ್, ಇದನ್ನ ಗುಜರಿಗೆ ಹಾಕಿ” ಅಂದನಂತೆ. ಅದು ಅತ್ತೆಯ ಅಮ್ಮನ ಒರಳು. ಮಾವ ಅದನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ವಾಪಸು ಬಂದರು.

ಜೆ.ಪಿ. ನಗರದಲ್ಲಿರುವ ನನ್ನ ಹೆಂಡತಿಯ ತವರುಮನೆಯ ಕಾರ್ ಶೆಡ್ಡಿನಲ್ಲಿ ಕಾರಿಲ್ಲ, ಲೋಹ ಕೊರೆಯುವ ಮಾವನ ಪುಟ್ಟ ಲೇತ್ ಇದೆ. ಹೊಸ ಸ್ಕ್ರೂವನ್ನು ಅದರಲ್ಲಿ ನಾವಿಬ್ಬರೇ ಮಾಡಲು ಹೊರಟೆವು. ಮೊಳದುದ್ದದ ಸರಳಿನ ಮೇಲೆ ಸ್ಕ್ರೂವಿನ ಸುರುಳಿ ಗೆರೆ, ಅಂದರೆ ಥ್ರೆಡ್, ಕೊರೆಯುವಾಗ ಟೂಲಿನ ಮೊನೆ ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಓಡಿ, ಪ್ರತಿ ಸಲ ಕೂದಲೆಳೆಯಷ್ಟು ಆಳಕ್ಕೆ ಇಳಿಯಬೇಕು. ಒರಳಿನದು ಇಂಚಿನ ಲೆಕ್ಕ, ಲೇತಿನದು ಮಿಲಿಮೀಟರಿನದು. ಎರಡೂ ತಾಳೆಯಾಗದ ಕಾರಣ ಟೂಲನ್ನು ಓಡಿಸುವ ಲಿವರನ್ನು ಕೆಲಸ ಮುಗಿಯುವವರೆಗೂ ಎತ್ತುವಂತಿಲ್ಲ. ಮೋಟಾರನ್ನೇ ಹಿಂದಕ್ಕೆ ತಿರುಗಿಸಿ ಮೊದಲಿನ ಜಾಗಕ್ಕೆ ಬರಬೇಕು. ಎತ್ತಿದರೆ ಟೂಲ್ ಹಳೆಯ ಗೆರೆ ಬಿಟ್ಟು ಬೇರೆಯದನ್ನು ಹಿಡಿಯುತ್ತದೆ.

“ಏನೇ ಆಗ್ಲಿ, ಆ ಲಿವರ್ ಮಾತ್ರ ಮುಟ್ಟಬೇಡಿ,” ಎಂದಿದ್ದರು ಮಾವ. ಆ ಅಳತೆಯ ಸರಳು ಇದ್ದದ್ದು ಒಂದೇ.

ಇನ್ನೆರಡು ಓಟ ಉಳಿದಿದ್ದಾಗ ಒಳಗಿಂದ ಅತ್ತೆಯ ಕೂಗು: “ಕಾಫಿ ಆರ್ತಿದೆ. ಬರ್ತೀರೋ, ಚೆಲ್ಲಲೋ?” ಆ ಮನೆಯಲ್ಲಿ ಎರಡನೇ ಕೂಗು ಇರುವುದಿಲ್ಲ. ಎಲ್ಲ ಆರಿಸಿ ಎದ್ದೆವು. ಹಿಂದಿರುಗಿ, ಲಿವರ್ ಇಳಿಸಿ ಮೋಟಾರ್ ಹಾಕಿದ್ದೇ ತಡ, ಟೂಲ್ ಕಿರ್ರೆಂದಿತು. ಕಾಫಿಗೆ ಹೋಗುವಾಗ ಲಿವರನ್ನು ಎತ್ತಿದ್ದೆವು! ನಿಲ್ಲಿಸುವಷ್ಟರಲ್ಲಿ ತುದಿಯ ಒಂದು ಇಂಚು ಹಾಳಾಗಿತ್ತು.

ಎತ್ತಿದ್ದು ನಾನು. ಲಿವರಿನ ತಣ್ಣಗಿನ ಗುಂಡಿ ಅಂಗೈಗೆ ತಾಗಿದ್ದು ನೆನಪಿದೆ. ಮಾವ ಒಪ್ಪುವುದಿಲ್ಲ: “ನೀವು ಆ ಕಡೆ ನಿಂತೇ ಇರ್ಲಿಲ್ಲ. ಎತ್ತಿದ್ದು ನಾನು.” ಹೆಂಡತಿಯ ಪ್ರಕಾರ ಅಂದು ಕುಡಿದದ್ದು ಕಾಫಿಯೇ ಅಲ್ಲ, ಮಜ್ಜಿಗೆ. ಹಾಗಿದ್ದರೆ ಆರುವ ಮಾತೇ ಬರುವುದಿಲ್ಲ. ನಾನಂತೂ ಇಲ್ಲಿ ಕಾಫಿಯನ್ನೇ ಉಳಿಸಿಕೊಂಡಿದ್ದೇನೆ.

ಮಾವ ಹಾಳಾದ ತುದಿಯನ್ನು ಕತ್ತರಿಸಿ ಹಾಕಿದರು. ಭೂತಗನ್ನಡಿ ಹಿಡಿದು ಟೂಲನ್ನು ಹಳೆಯ ಗೆರೆಗೆ ಕೂಡಿಸಲು ಮರುದಿನ ಇಡೀ ಬೆಳಿಗ್ಗೆ ಬೇಕಾಯಿತು. ಕೊನೆಗೆ ಒರಳಿಗೆ ಹಾಕಿದಾಗ ಸ್ಕ್ರೂ ಒಂದೇ ಬೆರಳಲ್ಲಿ ತಿರುಗಿಸಿದರೂ ಸಲೀಸಾಗಿ ಇಳಿಯಿತು. ಆದರೆ ಒಂದಿಂಚು ಗಿಡ್ಡ. ಪ್ರತಿ ಸಲವೂ ತಳದಲ್ಲಿ ಬಿಲ್ಲೆಯಷ್ಟು ಕಡುಬು ಹಾಗೇ ಉಳಿಯುತ್ತದೆ. ಅತ್ತೆ ಅದನ್ನು ಎಬ್ಬಿಸಿ ತಟ್ಟೆಗೆ ಹಾಕಿ, ಮೇಲೆ ಕಾಯಿಹಾಲು ಸುರಿದು, “ಯಾರ್ದು ತಪ್ಪೋ ಅವ್ರೇ ತಿನ್ನಿ” ಎನ್ನುತ್ತಾರೆ.

“ನಂದು,” ಎನ್ನುತ್ತೇನೆ.

“ಸುಮ್ನಿರಿ, ನಂದು ಕಣ್ರೀ,” ಎಂದು ಮಾವ ತಟ್ಟೆ ಎಳೆದುಕೊಳ್ಳುತ್ತಾರೆ.