ಬಾಳೆಹಣ್ಣಿನ ಮೇಡಂ

ಅವರ ನಿಜವಾದ ಹೆಸರು ಕಾಲೇಜಿನ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರ ಬಾಯಲ್ಲೆಲ್ಲ ಅವರು ಬಾಳೆಹಣ್ಣಿನ ಮೇಡಂ. ಇಪ್ಪತ್ತಾರು ವರ್ಷದಿಂದ ಮೊದಲ ವರ್ಷದವರಿಗೆ ಅರ್ಥಶಾಸ್ತ್ರ ಹೇಳುತ್ತಿದ್ದ ಅವರು ಒಂದು ಪಾಠವನ್ನು ಮಾತ್ರ ಪುಸ್ತಕ ಮುಟ್ಟದೆ ಮಾಡುತ್ತಿದ್ದರು. ಯಾರನ್ನಾದರೂ ಎಬ್ಬಿಸಿ ಬಾಳೆಹಣ್ಣು ತಿನ್ನಿಸುವುದು, ಒಂದೊಂದಕ್ಕೂ ಹತ್ತರಲ್ಲಿ ಎಷ್ಟು ಅಂಕ ಅಂತ ಕೇಳುವುದು. ಮೊದಲನೆಯದಕ್ಕೆ ಒಂಬತ್ತು, ಎರಡನೆಯದಕ್ಕೆ ಏಳು, ನಾಲ್ಕನೆಯದು ಬರುವಷ್ಟರಲ್ಲಿ "ಸಾಕು ಮೇಡಂ, ಕೈ ಮುಗೀತೀನಿ!" ಬೋರ್ಡಿನ ಮೇಲೆ ಗೆರೆ ಜಾರುಬಂಡೆಯ ಹಾಗೆ ಇಳಿಯುತ್ತಿತ್ತು.

"ನೋಡಿದ್ರಾ? ಹಣ್ಣು ಅದೇ, ಸಿಗೋ ತೃಪ್ತಿ ಮಾತ್ರ ಕಮ್ಮಿ ಆಗ್ತಾ ಹೋಗುತ್ತೆ. ಇದೇ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ."

ಒಂದು ವರ್ಷ ಎದ್ದು ಬಂದವಳು ಎರಡು ಜಡೆಯ, ಬಾಯಿ ಬಿಟ್ಟರೆ ಮುತ್ತು ಉದುರಿ ಹೋದೀತು ಅನ್ನುವಂಥ ಹುಡುಗಿ. ಮೊದಲ ಹಣ್ಣಿಗೆ ಹತ್ತು. ಎರಡನೆಯದಕ್ಕೂ ಹತ್ತು. ಐದನೆಯದಕ್ಕೂ ಹತ್ತೇ. "ಮೇಡಂ, ನಿಯಮ ಮಗುಚಿಬಿತ್ತು!" ಅಂತ ತರಗತಿಯೆಲ್ಲ ಗೊಳ್ಳೆಂದಿತು. ನಗಲು ಹೊರಟ ಮೇಡಂ ಹುಡುಗಿಯ ಕೈ ನೋಡಿದರು. ಯಾರೂ ಹೇಳದೆಯೇ ಅದು ಆರನೆಯ ಹಣ್ಣಿನ ಸಿಪ್ಪೆ ಸುಲಿಯುತ್ತಿತ್ತು.

"ನಿಯಮಕ್ಕೇನೂ ಆಗಿಲ್ಲ. ತಪ್ಪಿದ್ದು ನನ್ನ ಲೆಕ್ಕ," ಎಂದು ಬೇಗ ಪಾಠ ಮುಗಿಸಿದರು.

ಆಮೇಲೆ ಸ್ಟಾಫ್ ರೂಮಿಗೆ ಕರೆದು ಕೇಳಿದಾಗ ಹುಡುಗಿ ನೆಲ ನೋಡುತ್ತಾ ಹೇಳಿದಳು: "ಅಮ್ಮ ಆಸ್ಪತ್ರೇಲಿದಾಳೆ. ಅವಳನ್ನ ನೋಡ್ಕೊಂಡು ಸೀದಾ ಇಲ್ಲಿಗೆ ಬರ್ತೀನಿ. ಅಡುಗೆಗೆ ಹೊತ್ತು ಸಾಲಲ್ಲ."

"ನಾಳೆಯಿಂದ ಮಧ್ಯಾಹ್ನ ನನ್ನ ಜೊತೆ ಊಟ ಮಾಡು."

"ಬೇಡ ಮೇಡಂ. ಬಿಟ್ಟಿ ಊಟ ಗಂಟಲಲ್ಲಿ ಇಳಿಯಲ್ಲ."

"ಬಿಟ್ಟಿ ಅಂತ ಯಾರಮ್ಮ ಹೇಳಿದ್ದು? ನನ್ನ ಕಣ್ಣಿಗೆ ಪೊರೆ ಬಂದಿದೆ. ದಿನಾ ಪೇಪರ್ ಓದಿ ಹೇಳಬೇಕು."

ಪೊರೆ ಬಂದಿದ್ದು ನಿಜ. ಓದಲಾಗದಷ್ಟೇನೂ ಅಲ್ಲ.

ಮೇಡಂ ಮದುವೆಯಾದವರಲ್ಲ. ಮನೆಯಲ್ಲಿ ಅಕ್ಕನದೇ ದರ್ಬಾರು. ಎರಡು ಡಬ್ಬಿ ಕಟ್ಟು ಅಂದಾಗ ಅಕ್ಕ, "ಹೊಟ್ಟೆಯೇನೇ ಅದು, ಕಾಳು ತುಂಬೋ ಹಗೇವೇನೇ?" ಅಂದಳು. ಹದಿನೈದು ದಿನಕ್ಕೆ ಗುಟ್ಟು ರಟ್ಟಾಯಿತು. "ಬೆಳೆಯೋ ಹುಡುಗಿಗೆ ನಿನ್ನ ಕೋಳಿಹೊಟ್ಟೆ ಅಳತೆಯ ಅನ್ನ ಕೊಟ್ಟೆಯಲ್ಲೇ!" ಎಂದು ಬೈದಳು. ಮರುದಿನದಿಂದ ಡಬ್ಬಿಯ ಮುಚ್ಚಳ ಕೂರದಾಯಿತು.

ಹುಡುಗಿ ಓದುತ್ತಾ ಓದುತ್ತಾ ಬಾಯಿ ಬಿಟ್ಟಳು. "ಬೆಲೆ ಏರಿದ್ರೆ ಜನ ಕಮ್ಮಿ ಕೊಳ್ತಾರೆ ಅಂತೀರಿ. ಅಮ್ಮನ ಔಷಧಿಯ ಬೆಲೆ ಏರಿದೆ, ನಾನು ಅಷ್ಟೇ ಕೊಳ್ತೀನಲ್ಲ?" ಮೇಡಂ ತುತ್ತನ್ನು ಕೈಯಲ್ಲೇ ಹಿಡಿದು ಮುಂದಿನ ತಿಂಗಳ ಪಾಠವನ್ನು ಅಲ್ಲೇ ಶುರುಮಾಡಿದರು. ಅವತ್ತು ಇಬ್ಬರಿಗೂ ಮುಂದಿನ ತರಗತಿ ತಪ್ಪಿತು.

ಅಮ್ಮ ಹುಷಾರಾಗಿ ಮನೆಗೆ ಬಂದ ಮೇಲೂ ಹುಡುಗಿ ಊಟಕ್ಕೆ ಬರುವುದು ನಿಲ್ಲಿಸಲಿಲ್ಲ; ಭಾನುವಾರ ಮೇಡಂ ಮನೆಗೂ ಬಂದು ಅಕ್ಕನ ಅಡುಗೆಮನೆ ಸೇರಿಕೊಳ್ಳುತ್ತಿದ್ದಳು. ಪದವಿ ಮುಗಿಯಿತು, ಅಂಕಿಅಂಶದ ಕಚೇರಿಯಲ್ಲಿ ಕೆಲಸವೂ ಸಿಕ್ಕಿತು. ಆರ್ಡರ್ ಹಿಡಿದವಳು ಜಗುಲಿಯಲ್ಲಿ ಕೂತಿದ್ದ ಮೇಡಂ ಅವರನ್ನು ದಾಟಿಕೊಂಡು ನೇರ ಅಡುಗೆಮನೆಗೆ ಓಡಿ ಅಕ್ಕನನ್ನು ತಬ್ಬಿಕೊಂಡಳು.

"ಪಾಠ ಹೇಳಿದೋಳು ನಾನು!" ಅಂದರು ಮೇಡಂ ಹೊರಗಿನಿಂದ.

"ಬಡಿಸಿದೋಳು ನಾನು!" ಅಂದಳು ಅಕ್ಕ ಒಳಗಿನಿಂದ.

ಮೇಡಂ ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನ, ಕಚೇರಿಗೆ ಹಾಕಿಕೊಂಡು ಹೋಗಲು ಒಳ್ಳೆಯ ಚಪ್ಪಲಿ ಕೊಡಿಸುತ್ತೇನೆಂದು ಹುಡುಗಿಯ ಕೈ ಹಿಡಿದು ತಾವೇ ಪೇಟೆಗೆ ಹೊರಟರು.